ಒಂದೇ ಮೋಸ, ಹತ್ತಾರು ಗ್ರಾಹಕರು: ಗ್ರಾಹಕ ಆಯೋಗದಲ್ಲಿ ಸಾಮೂಹಿಕ ದೂರು ಹೂಡುವ ಸಮಗ್ರ ಮಾರ್ಗದರ್ಶಿ

ಒಂದು ಕೋಚಿಂಗ್ ಸಂಸ್ಥೆ ವರ್ಷದ ಶುಲ್ಕವನ್ನೆಲ್ಲ ಮುಂಗಡವಾಗಿ ಕಟ್ಟಿಸಿಕೊಂಡು ಮೂರನೇ ತಿಂಗಳಿಗೆ ಬಾಗಿಲು ಹಾಕಿತು ಎಂದುಕೊಳ್ಳಿ. ಅರವತ್ತು ವಿದ್ಯಾರ್ಥಿಗಳು, ತಲಾ 90,000 ರೂಪಾಯಿ. ಮೊದಲ ವಾರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರದೂ ಏರು ದನಿ, 'ಸೇರಿ ಕೇಸು ಹಾಕೇ ಬಿಡೋಣ' ಎಂಬ ಹುಮ್ಮಸ್ಸು. ಎರಡನೇ ತಿಂಗಳಿಗೆ ಉಳಿಯುವವರು ಐದಾರು ಮಂದಿ. ಅವರೂ ಯಾವುದೋ ಹಳೆಯ ದೂರಿನ ನಕಲು ಹಿಡಿದು ಅರವತ್ತು ಜನರ ಹೆಸರಲ್ಲಿ ಅರ್ಜಿ ಹಾಕುತ್ತಾರೆ. ಒಂದು ವರ್ಷ ಕಳೆದ ಮೇಲೆ 'ಈ ರೂಪದಲ್ಲಿ ದೂರು ಊರ್ಜಿತವಲ್ಲ' ಎಂಬ ಆದೇಶ ಕೈಗೆ ಬರುತ್ತದೆ.

ಸಾಮೂಹಿಕ ದೂರುಗಳು ಬೀಳುವುದು ಹೆಚ್ಚಾಗಿ ಹೀಗೆಯೇ. ಮೋಸ ಆಗಿಲ್ಲ ಎಂದಲ್ಲ, ತಪ್ಪು ಬಾಗಿಲಿನಿಂದ ಒಳಗೆ ಹೋದರು ಎಂದು. ಹಾಗಾಗಿ ಈ ಬರಹದಲ್ಲಿ ದೂರು ದಾಖಲಿಸುವ ಮುಂಚಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಆಧಾರ, 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019.

ನೀವೆಲ್ಲರೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕರೇ?

ಹಣ ಕೊಟ್ಟು, ಅಥವಾ ಕೊಡುವುದಾಗಿ ಒಪ್ಪಿ, ಸರಕು ಇಲ್ಲವೇ ಸೇವೆ ಪಡೆದವರು ಗ್ರಾಹಕರು. ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಅಲ್ಲ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡಲು ಕೊಂಡವರಿಗೆ ಮಾತ್ರ ಇಲ್ಲಿ ವಿನಾಯಿತಿ: ತಾನೇ ಓಡಿಸಲು ಒಂದು ಎಲೆಕ್ಟ್ರಿಕ್ ಆಟೊ ಕೊಂಡವನು ಗ್ರಾಹಕ, ಇಪ್ಪತ್ತು ಆಟೊ ಕೊಂಡು ಬಾಡಿಗೆಗೆ ಬಿಟ್ಟವನಿಗೆ ಆ ಹೆಸರು ಸಿಗುವುದು ಕಷ್ಟ. ಇಬ್ಬರೂ ನಿಮ್ಮ ಗುಂಪಿನಲ್ಲಿದ್ದರೆ ಎರಡನೆಯವನನ್ನು ಈಗಲೇ ಬೇರೆ ಇಡಿ. ಎದುರಿನ ವಕೀಲರು ಮೊದಲು ಹುಡುಕುವುದೇ ಅಂಥವರನ್ನು.

ಶಿಕ್ಷಣದ ವಿಷಯದಲ್ಲೂ ಒಂದು ತೊಡಕಿದೆ. ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳು ಈ ಕಾಯ್ದೆಯಡಿ ಬರುತ್ತವೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಕೋಚಿಂಗ್ ಕೇಂದ್ರಗಳು ಬರುತ್ತವೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ.

ಬಾಗಿಲು ಆರಿಸಿಕೊಳ್ಳುವುದು

ಇಲ್ಲಿ ಅವಸರ ಬೇಡ. 'ಎಲ್ಲರೂ ಸೇರಿ' ಎಂಬ ಒಂದೇ ಮಾತಿನ ಹಿಂದೆ ಕಾನೂನಿನಲ್ಲಿ ಬೇರೆ ಬೇರೆ ದಾರಿಗಳಿವೆ.

ಮೊದಲನೆಯದು ವರ್ಗ ದೂರು, ಕಾಯ್ದೆಯ ಕಲಂ 35(1)(ಸಿ). ಒಂದೇ ಹಿತಾಸಕ್ತಿ ಇರುವ ಅನೇಕ ಗ್ರಾಹಕರಿದ್ದಾಗ ಅವರಲ್ಲಿ ಒಬ್ಬರು ಅಥವಾ ಕೆಲವರು, ಆಯೋಗದ ಅನುಮತಿ ಪಡೆದು, ಎಲ್ಲರ ಪರವಾಗಿ ದೂರು ಹೂಡಬಹುದು. 'ಎಲ್ಲರ' ಎಂಬ ಮಾತಿನ ಮೇಲೆ ಬೆರಳಿಟ್ಟುಕೊಳ್ಳಿ. ಗುಂಪಿಗೆ ಸೇರಿದವರು, ಸೇರದವರು, ನಿಮಗೆ ಪರಿಚಯವೇ ಇಲ್ಲದವರು, ಎಲ್ಲರೂ ಅದರೊಳಗೆ ಬರುತ್ತಾರೆ. 2016ರಲ್ಲಿ ಫೆರಸ್ ಇನ್‌ಫ್ರಾಸ್ಟ್ರಕ್ಚರ್ ವಿರುದ್ಧದ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗದ ವಿಸ್ತೃತ ಪೀಠ ಇದನ್ನೇ ಹೇಳಿತು: ಸಮಾನ ಹಿತಾಸಕ್ತಿ ಉಳ್ಳ ಎಲ್ಲ ಗ್ರಾಹಕರ ಪರವಾಗಿ ಹೂಡಿದರೆ ಮಾತ್ರ ಅದು ವರ್ಗ ದೂರು, ಬೇಕಾದವರನ್ನಷ್ಟೇ ಆರಿಸಿಕೊಂಡು ಹೂಡಿದರೆ ಅಲ್ಲ.

ಎರಡನೆಯದು ಜಂಟಿ ದೂರು. ಹತ್ತೋ ಐವತ್ತೋ ಜನ ತಮ್ಮ ತಮ್ಮ ಹೆಸರಿನಲ್ಲಿ, ತಮಗಷ್ಟೇ ಪರಿಹಾರ ಕೇಳಿ, ಒಂದೇ ದೂರಿಗೆ ಸಹಿ ಹಾಕುತ್ತಾರೆ. ಈ ದಾರಿ ಇದೆಯೇ ಇಲ್ಲವೇ ಎಂಬ ಗೊಂದಲವನ್ನು ಬೆಂಗಳೂರಿನದೇ ಒಂದು ಪ್ರಕರಣ ಪರಿಹರಿಸಿತು. ಬ್ರಿಗೇಡ್ ಎಂಟರ್‌ಪ್ರೈಸಸ್‌ನ 1134 ಮನೆಗಳ ವಸತಿ ಯೋಜನೆಯಲ್ಲಿ ಮನೆ ಕೊಂಡ 91 ಮಂದಿ, ಹಸ್ತಾಂತರ ತಡವಾಯಿತೆಂದು ವರ್ಗ ದೂರು ಹೂಡಿದ್ದರು. ಉಳಿದ ಖರೀದಿದಾರರ ಹಿತಾಸಕ್ತಿಯೂ ತಮ್ಮದೇ ಎನ್ನಲು ದೂರಿನಲ್ಲಿ ವಿವರವೇ ಇಲ್ಲ, ಹಾಗಾಗಿ ಇದು ವರ್ಗ ದೂರಲ್ಲ ಎಂದಿತು ಸುಪ್ರೀಂ ಕೋರ್ಟ್, 2021ರ ಡಿಸೆಂಬರ್‌ನಲ್ಲಿ. ಆದರೆ ದೂರನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಒಂದೇ ಬಗೆಯ ಅಹವಾಲಿರುವ ಕೆಲವರು ಕೂಡಿ ಜಂಟಿಯಾಗಿ ದೂರು ಹೂಡಲು ಕಾಯ್ದೆಯಲ್ಲಿ ಅಡ್ಡಿಯಿಲ್ಲ ಎಂದು, ಅದನ್ನು ಜಂಟಿ ದೂರಾಗಿ ಮುಂದುವರಿಸಲು ಬಿಟ್ಟಿತು.

ಮೂರನೆಯದು ನೋಂದಾಯಿತ ಸ್ವಯಂಪ್ರೇರಿತ ಗ್ರಾಹಕ ಸಂಘದ ಮೂಲಕ ಹೋಗುವುದು. ಅಪಾರ್ಟ್‌ಮೆಂಟ್ ನಿವಾಸಿಗಳು ಎಡವುವುದು ಇಲ್ಲೇ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಅಡಿಯಲ್ಲಿ ರಚನೆಯಾದ ಮಾಲೀಕರ ಸಂಘ ಕಾನೂನೇ ಕಡ್ಡಾಯ ಮಾಡಿದ ಸಂಘ. ಅದು 'ಸ್ವಯಂಪ್ರೇರಿತ'ವಲ್ಲ, ಆದ್ದರಿಂದ ಅದು ಗ್ರಾಹಕ ದೂರು ಹೂಡಲು ಬರುವುದಿಲ್ಲ ಎಂದು ಶೋಭಾ ಹೈಬಿಸ್ಕಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ತೀರ್ಪಿತ್ತಿದೆ. ನಿವಾಸಿಗಳಿಗೆ ಇದು ವಿಚಿತ್ರವಾಗಿ ಕಾಣಬಹುದು, ನನಗೂ ಅಷ್ಟು ಹಿಡಿಸಿದ ತೀರ್ಪಲ್ಲ. ಆದರೆ ಅದೇ ಕಾನೂನು. ಅಂಥವರು ಜಂಟಿ ದೂರಿಗೆ ಹೋಗಬೇಕು, ಇಲ್ಲವೇ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ಕದ ತಟ್ಟಬೇಕು. ರೇರಾ ಕಾಯ್ದೆಯ ಕಲಂ 31 ಮನೆ ಹಂಚಿಕೆ ಪಡೆದವರ ಸಂಘಕ್ಕೂ ದೂರು ಕೊಡುವ ಹಕ್ಕು ಕೊಟ್ಟಿದೆ. ರೇರಾ ಬಂದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚಿಲ್ಲ ಎಂಬುದನ್ನೂ ಸುಪ್ರೀಂ ಕೋರ್ಟ್ ಅದೇ ವರ್ಷ ಸ್ಪಷ್ಟಪಡಿಸಿದೆ. ಆದರೆ ಒಂದೇ ಪರಿಹಾರಕ್ಕೆ ಎರಡೂ ಕಡೆ ಅರ್ಜಿ ಹಾಕಬೇಡಿ.

ಇನ್ನೊಂದು ದಾರಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. ಗ್ರಾಹಕರ ಇಡೀ ವರ್ಗಕ್ಕೆ ಹಾನಿ ಮಾಡುವ ಅನುಚಿತ ವ್ಯಾಪಾರ ಪದ್ಧತಿ, ಸುಳ್ಳು ಜಾಹೀರಾತುಗಳ ಬಗ್ಗೆ ಕಲಂ 17ರ ಅಡಿ ಈ ಪ್ರಾಧಿಕಾರಕ್ಕಾಗಲಿ ಜಿಲ್ಲಾಧಿಕಾರಿಗಾಗಲಿ ಬರೆದುಕೊಡಬಹುದು. ದಾರಿತಪ್ಪಿಸುವ ಜಾಹೀರಾತಿಗೆ ಅದು 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಲ್ಲದು. ಆ್ಯಪ್‌ಗಳಲ್ಲಿ ಬಳಕೆದಾರರನ್ನು ಸಿಕ್ಕಿಸುವ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿದ್ದೂ ಇದೇ ಪ್ರಾಧಿಕಾರ. ಆದರೆ ನಿಮ್ಮೊಬ್ಬೊಬ್ಬರ ಮಾನಸಿಕ ಯಾತನೆಗೆ ಇಷ್ಟೆಂದು ಲೆಕ್ಕ ಹಾಕಿಕೊಡುವ ಜಾಗ ಅದಲ್ಲ. ತಲೆಗೆ ಹತ್ತಿಪ್ಪತ್ತು ರೂಪಾಯಿ ಸುಲಿದು ಲಕ್ಷಾಂತರ ಜನರಿಂದ ಗಳಿಸುವ ಮೋಸಕ್ಕೆ ಅದು ಸರಿಯಾದ ಜಾಗ.

ಹಾಗಾದರೆ ಯಾವುದು? ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬಾಧಿತರೆಲ್ಲರ ಹೆಸರು, ವಿಳಾಸ ಗೊತ್ತಿದ್ದು, ನೂರರ ಒಳಗಿದ್ದು, ಬಹುಪಾಲು ಜನ ಸಹಿ ಹಾಕಲು ಸಿದ್ಧರಿದ್ದರೆ ಜಂಟಿ ದೂರೇ ವಾಸಿ. ಅನುಮತಿ ಅರ್ಜಿಯ ಹಂತವೂ ಪತ್ರಿಕಾ ಪ್ರಕಟಣೆಯ ಖರ್ಚೂ ತಪ್ಪುತ್ತವೆ. ಸಂಖ್ಯೆ ದೊಡ್ಡದಿದ್ದು, ಹಲವರು ಯಾರೆಂದೇ ತಿಳಿಯದಿದ್ದು, ಎಲ್ಲರಿಗೂ ಒಂದೇ ಆದೇಶ ಸಾಕಾಗುವಂತಿದ್ದರೆ ಮಾತ್ರ ವರ್ಗ ದೂರಿಗೆ ಕೈ ಹಾಕಿ. ವರ್ಗ ದೂರು ಕೇಳಲು ದೊಡ್ಡದು, ನಡೆಸಲು ಇನ್ನೂ ದೊಡ್ಡದು.

'ಒಂದೇ ಹಿತಾಸಕ್ತಿ' ಇದೆಯೇ ಎಂದು ಅಳೆಯುವುದು

ಎಲ್ಲರ ನಷ್ಟದ ಮೊತ್ತ ಒಂದೇ ಇರಬೇಕಿಲ್ಲ. ಒಬ್ಬ 90,000 ಕಟ್ಟಿರಬಹುದು, ರಿಯಾಯಿತಿ ಪಡೆದ ಇನ್ನೊಬ್ಬ 70,000. ಇಬ್ಬರ ಅಹವಾಲೂ ಒಂದೇ: ಪಾಠ ನಿಂತಿತು, ಹಣ ವಾಪಸು ಬೇಕು. ಸೇವೆ ನೀಡಿದವರು ಒಬ್ಬರೇ, ಆದ ನ್ಯೂನತೆ ಒಂದೇ, ಕೇಳುವ ಪರಿಹಾರ ಒಂದೇ ಬಗೆಯದು. ಈ ಮೂರೂ ಕೂಡಿ ಬಂದರೆ ಸಾಕು.

ಗುಂಪು ಒಡೆಯುವುದು ಪರಿಹಾರದ ವಿಷಯದಲ್ಲಿ. ಕೆಲವರಿಗೆ ಹಣ ಬೇಕು, ಕೆಲವರಿಗೆ ಬೇರೆ ಕೇಂದ್ರದಲ್ಲಿ ಸೀಟು ಬೇಕು. ಫ್ಲ್ಯಾಟ್ ಪ್ರಕರಣದಲ್ಲಾದರೆ ಒಬ್ಬರಿಗೆ ಮನೆ ಬೇಕು, ಇನ್ನೊಬ್ಬರಿಗೆ ಮನೆಯ ಸಹವಾಸವೇ ಬೇಡ. ಇವರನ್ನು ಒಂದೇ ದೂರಿನಲ್ಲಿ ತುರುಕಿದರೆ ಎದುರುದಾರರ ವಕೀಲರಿಗೆ ಕೆಲಸವೇ ಇರುವುದಿಲ್ಲ. ಎರಡು ಗುಂಪು ಮಾಡಿ, ಎರಡು ದೂರು ಹಾಕಿ.

ಗುಂಪು ಕಟ್ಟಿ, ಹಿಡಿದಿಟ್ಟುಕೊಳ್ಳುವುದು

ಮೂರರಿಂದ ಐದು ಜನರ ಸಮಿತಿ ಸಾಕು. ಒಬ್ಬರು ದಾಖಲೆ, ಒಬ್ಬರು ಹಣ, ಒಬ್ಬರು ವಕೀಲರೊಡನೆ ಮಾತುಕತೆ. ಎಲ್ಲರೂ ಎಲ್ಲವನ್ನೂ ಮಾಡಲು ಹೊರಟರೆ ಯಾವುದೂ ಆಗುವುದಿಲ್ಲ.

ಮೊದಲ ಸಭೆಯಲ್ಲೇ ಒಂದೆರಡು ಪುಟದ ಒಪ್ಪಂದ ಬರೆದು ಎಲ್ಲರ ಸಹಿ ಪಡೆಯಿರಿ. ತಲಾ ಎಷ್ಟು ಹಣ ಹಾಕಬೇಕು, ಲೆಕ್ಕ ಯಾವಾಗ ಕೊಡಬೇಕು, ನಡುವೆ ಬಿಟ್ಟುಹೋದವರ ಹಣ ಏನಾಗುತ್ತದೆ, ರಾಜಿಗೆ ಎಷ್ಟು ಜನರ ಒಪ್ಪಿಗೆ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಕಂಪನಿ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು 'ನಿಮಗೆ ಮಾತ್ರ ಪೂರ್ತಿ ಹಣ ಕೊಡುತ್ತೇವೆ, ಹಿಂದಕ್ಕೆ ಪಡೆಯಿರಿ' ಎಂದಾಗ ಏನು ಮಾಡಬೇಕು. ಆ ಕರೆ ಖಂಡಿತ ಬರುತ್ತದೆ, ಮೊದಲು ಬರುವುದು ಸಮಿತಿಯ ಸದಸ್ಯರಿಗೇ. ಹೋಗುವವರನ್ನು ತಡೆಯುವ ಹಕ್ಕು ನಿಮಗಿಲ್ಲ. ಹೋಗುವ ಮುಂಚೆ ಸಮಿತಿಗೆ ಬರವಣಿಗೆಯಲ್ಲಿ ತಿಳಿಸಬೇಕು ಎಂಬ ಷರತ್ತಾದರೂ ಇರಲಿ.

ವಕೀಲರಿಲ್ಲದೆಯೂ ಗ್ರಾಹಕ ಆಯೋಗದಲ್ಲಿ ವಾದಿಸಬಹುದು. ಒಬ್ಬರ ದೂರಿಗೆ ಇದು ಒಳ್ಳೆಯ ಮಾತೇ. ಅರವತ್ತು ಜನರ ದೂರಿಗೆ ಮಾತ್ರ ಈ ಕೆಲಸ ಬಲ್ಲ ವಕೀಲರನ್ನು ಇಟ್ಟುಕೊಳ್ಳಿ, ಶುಲ್ಕವನ್ನು ಹಂತ ಹಂತವಾಗಿ ಬರವಣಿಗೆಯಲ್ಲಿ ಗೊತ್ತುಮಾಡಿಕೊಳ್ಳಿ. ವಕೀಲರ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಅವರೊಡನೆ ಜಗಳವಾದರೆ ಇದೇ ಆಯೋಗಕ್ಕೆ ಬರಲು ಆಗದು.

ದಾಖಲೆ: ಬೇಸರದ ಕೆಲಸ, ಗೆಲ್ಲಿಸುವುದೂ ಅದೇ

ಪ್ರತಿಯೊಬ್ಬರಿಂದಲೂ ರಸೀದಿ ಅಥವಾ ಬ್ಯಾಂಕ್ ವಿವರ, ಒಪ್ಪಂದ ಇಲ್ಲವೇ ಅರ್ಜಿ ನಮೂನೆ, ಕಂಪನಿಯೊಂದಿಗಿನ ಪತ್ರ, ಇಮೇಲ್, ಚಾಟ್, ಗುರುತಿನ ಚೀಟಿಯ ಪ್ರತಿ ಸಂಗ್ರಹಿಸಿ. ಒಂದು ಕೋಷ್ಟಕ ಮಾಡಿ: ಹೆಸರು, ಪಾವತಿಸಿದ ದಿನಾಂಕ, ಮೊತ್ತ, ಸೇವೆ ನಿಂತ ದಿನ, ಬಾಕಿ ಬರಬೇಕಾದ್ದು, ದಾಖಲೆಯ ಪುಟಸಂಖ್ಯೆ. ಸಾವಿರ ಪುಟದ ಕಡತದಲ್ಲಿ ಆಯೋಗದ ಸದಸ್ಯರು ಮತ್ತೆ ಮತ್ತೆ ತಿರುವುವ ಹಾಳೆ ಇದೊಂದೇ.

ಜಾಹೀರಾತು, ವೆಬ್‌ಸೈಟಿನ ಭರವಸೆಗಳನ್ನು ಇಂದೇ ಉಳಿಸಿಟ್ಟುಕೊಳ್ಳಿ. ನೋಟಿಸ್ ಹೋದ ಮರುದಿನ ಆ ಪುಟ ಅಲ್ಲಿರುವುದಿಲ್ಲ. ಸ್ಕ್ರೀನ್‌ಶಾಟಿನಲ್ಲಿ ದಿನಾಂಕ ಮತ್ತು ಆ ಪುಟದ ವೆಬ್ ವಿಳಾಸ ಕಾಣಬೇಕು. ವಾಟ್ಸ್‌ಆ್ಯಪ್, ಇಮೇಲ್ ಮುದ್ರಣಗಳ ಜತೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಲಗತ್ತಿಸಿ. ಆಯೋಗ ಸಾಕ್ಷ್ಯದ ನಿಯಮಗಳನ್ನು ಸಿವಿಲ್ ಕೋರ್ಟಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಆದರೂ ಎದುರಿನವರಿಗೆ ಆಕ್ಷೇಪಕ್ಕೆ ಆಸ್ಪದ ಯಾಕೆ ಕೊಡಬೇಕು.

ದೋಷ ಇರುವುದು ಸರಕಿನಲ್ಲಾದರೆ ಅದನ್ನು ರಿಪೇರಿ ಮಾಡಿಸುವ ಮೊದಲು ಯೋಚಿಸಿ. ಪರೀಕ್ಷೆ ಬೇಕೆನಿಸಿದರೆ ಆಯೋಗವೇ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು, 45 ದಿನದಲ್ಲಿ ವರದಿ ಬರಬೇಕು. ಪರೀಕ್ಷೆಯ ಶುಲ್ಕವನ್ನು ಮುಂಗಡವಾಗಿ ಕಟ್ಟುವವರು ದೂರುದಾರರು, ಅದನ್ನೂ ಲೆಕ್ಕದಲ್ಲಿಡಿ. ಮ್ಯಾಗಿ ನೂಡಲ್ಸ್ ವಿಷಯದಲ್ಲಿ ಕೇಂದ್ರ ಸರ್ಕಾರವೇ 2015ರಲ್ಲಿ ಗ್ರಾಹಕರ ಪರವಾಗಿ ರಾಷ್ಟ್ರೀಯ ಆಯೋಗಕ್ಕೆ ಹೋಗಿ ಸುಮಾರು 640 ಕೋಟಿ ರೂಪಾಯಿ ಕೇಳಿತ್ತು. ಆ ದೂರು 2024ರ ಏಪ್ರಿಲ್‌ನಲ್ಲಿ ವಜಾ ಆಯಿತು. ದೂರುದಾರ ಎಷ್ಟೇ ದೊಡ್ಡವನಾದರೂ ರುಜುವಾತಿನ ಹೊರೆ ಇಳಿಯುವುದಿಲ್ಲ.

ನೋಟಿಸ್, ಸಹಾಯವಾಣಿ 1915

ಕಾಯ್ದೆಯಲ್ಲಿ ಲೀಗಲ್ ನೋಟಿಸ್ ಕಡ್ಡಾಯವಲ್ಲ, ಆದರೆ ಕೊಡಿ. 15 ದಿನ ಗಡುವು ಇಟ್ಟು ಸ್ಪೀಡ್ ಪೋಸ್ಟ್‌ನಲ್ಲೂ ಇಮೇಲಿನಲ್ಲೂ ಕಳಿಸಿ. ಜತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ದೂರು ದಾಖಲಿಸಿ, ಕನ್ನಡದಲ್ಲೇ ಮಾತಾಡಬಹುದು. ಅದು ಆದೇಶ ಹೊರಡಿಸುವ ಸಂಸ್ಥೆಯಲ್ಲ. ಆದರೂ ಅಲ್ಲಿ ಸಿಗುವ ಅರವತ್ತು ದೂರು ಸಂಖ್ಯೆಗಳು ಮುಂದೆ 'ಒಂದೇ ಹಿತಾಸಕ್ತಿ' ತೋರಿಸಲು ಒಳ್ಳೆಯ ಪುರಾವೆ, ಎಷ್ಟೋ ಕಂಪನಿಗಳು ಆ ಹಂತದಲ್ಲೇ ಹಣ ಹಿಂತಿರುಗಿಸುವುದೂ ಉಂಟು.

ಇದರ ನಡುವೆ ಕ್ಯಾಲೆಂಡರ್ ಮರೆಯಬೇಡಿ. ವ್ಯಾಜ್ಯಕಾರಣ, ಅಂದರೆ ದೂರಿಗೆ ಕಾರಣವಾದ ಸಂಗತಿ, ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ದಾಖಲಾಗಬೇಕು (ಕಲಂ 69). ಸಕಾರಣವಿದ್ದರೆ ವಿಳಂಬ ಮನ್ನಾ ಮಾಡಬಹುದು, ಆದರೆ 'ಮಾತುಕತೆ ನಡೀತಿತ್ತು' ಎಂಬುದು ಬಲವಾದ ಕಾರಣವಲ್ಲ. ವರ್ಗ ದೂರು ಹಾಕುವವರಂತೂ ಒಂದು ವರ್ಷದೊಳಗೆ ಹಾಕಿಬಿಡುವುದು ಕ್ಷೇಮ. ಅನುಮತಿ ಸಿಗದೆ ಹೋದರೆ ಜಂಟಿಯಾಗಿಯೋ ಒಬ್ಬೊಬ್ಬರಾಗಿಯೋ ಹೋಗಲು ಸಮಯ ಉಳಿದಿರಬೇಕಲ್ಲ.

ಯಾವ ಆಯೋಗ, ಎಷ್ಟು ಶುಲ್ಕ

ಲೆಕ್ಕಕ್ಕೆ ಬರುವುದು ನೀವು ಕೊಟ್ಟ ಹಣ, ಕೇಳುವ ಪರಿಹಾರವಲ್ಲ. 2021ರ ಡಿಸೆಂಬರ್‌ನ ನಿಯಮಗಳಂತೆ 50 ಲಕ್ಷ ರೂಪಾಯಿವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ವರ್ಗ ದೂರಿನಲ್ಲಿ ವರ್ಗದ ಎಲ್ಲರ ಮೊತ್ತವನ್ನೂ ಕೂಡಿಸಬೇಕು. ನಮ್ಮ ಅರವತ್ತು ವಿದ್ಯಾರ್ಥಿಗಳ 90,000 ಸೇರಿದರೆ 54 ಲಕ್ಷ. ಒಬ್ಬೊಬ್ಬರೇ ಹೋಗಿದ್ದರೆ ತಮ್ಮ ಜಿಲ್ಲೆಯಲ್ಲೇ ಮುಗಿಯುತ್ತಿದ್ದ ದೂರು ಈಗ ರಾಜ್ಯ ಆಯೋಗಕ್ಕೆ ಏರುತ್ತದೆ. ಗುಂಪಾಗಿ ಹೋಗುವ ಮೊದಲು ಈ ಕೂಡಿಕೆಯನ್ನು ಮಾಡಿ ನೋಡಿ, ಹಲವರ ನಿರ್ಧಾರ ಇಲ್ಲೇ ಬದಲಾಗುತ್ತದೆ.

ಶುಲ್ಕ ಹೆದರಿಸುವಂಥದ್ದಲ್ಲ. ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000, 1 ಕೋಟಿವರೆಗೆ 2,000, 2 ಕೋಟಿವರೆಗೆ 2,500. 10 ಕೋಟಿ ಮೀರಿದರೂ 7,500 ಮಾತ್ರ.

ಕಂಪನಿಯ ಕಚೇರಿ ಮುಂಬೈಯಲ್ಲೋ ಗುರುಗ್ರಾಮದಲ್ಲೋ ಇದ್ದರೂ ಚಿಂತೆಯಿಲ್ಲ, ದೂರುದಾರ ವಾಸಿಸುವ ಅಥವಾ ದುಡಿಯುವ ಜಾಗದ ಆಯೋಗದಲ್ಲೇ ಹೂಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಒಪ್ಪಂದದಲ್ಲಿ 'ವ್ಯಾಜ್ಯವನ್ನು ಪಂಚಾಯ್ತಿದಾರರೇ (ಆರ್ಬಿಟ್ರೇಟರ್) ಬಗೆಹರಿಸಬೇಕು' ಎಂದು ಬರೆದಿದ್ದರೂ ಗ್ರಾಹಕ ಆಯೋಗದ ಹಾದಿ ಮುಚ್ಚುವುದಿಲ್ಲ ಎಂದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರಲ್ಲೇ ಇತ್ಯರ್ಥವಾಗಿದೆ. ಒಪ್ಪಂದದ ಷರತ್ತೇ ಅನ್ಯಾಯದ್ದು, ಅದನ್ನೇ ರದ್ದು ಮಾಡಿ ಎಂದು ಕೇಳುವುದಾದರೆ ಮಾತ್ರ ನೇರವಾಗಿ ರಾಜ್ಯ ಆಯೋಗಕ್ಕೇ ಹೋಗಬೇಕು. ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲ.

ದೂರು ಬರೆದು ದಾಖಲಿಸುವುದು

ಘಟನೆಗಳನ್ನು ದಿನಾಂಕದ ಕ್ರಮದಲ್ಲಿ, ಸಣ್ಣ ಸಣ್ಣ ಪ್ಯಾರಾಗಳಲ್ಲಿ, ಪ್ರತಿ ಪ್ಯಾರಾಕ್ಕೆ ಸಂಖ್ಯೆ ಕೊಟ್ಟು ಬರೆಯಿರಿ. ಬೈಗುಳ ಬೇಡ. ವರ್ಗ ದೂರಾದರೆ ಒಂದು ಇಡೀ ಅಧ್ಯಾಯವನ್ನು 'ಒಂದೇ ಹಿತಾಸಕ್ತಿ'ಗೆ ಮೀಸಲಿಡಿ: ವರ್ಗ ಯಾವುದು (ಉದಾಹರಣೆಗೆ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಕೋರ್ಸಿಗೆ ಶುಲ್ಕ ಕಟ್ಟಿದ ಎಲ್ಲರೂ), ಅಂದಾಜು ಎಷ್ಟು ಜನ, ಎಲ್ಲರಿಗೂ ಆದ ನ್ಯೂನತೆ ಯಾವುದು, ಎಲ್ಲರಿಗೂ ಅನ್ವಯಿಸುವ ಪರಿಹಾರ ಯಾವುದು. ಬ್ರಿಗೇಡ್ ಪ್ರಕರಣದಲ್ಲಿ ಇಲ್ಲದೆ ಹೋದದ್ದು ಇದೇ ಅಧ್ಯಾಯ.

ಪರಿಹಾರ ಕೇಳುವಾಗ ಹಣ ವಾಪಸು, ಬಡ್ಡಿ, ಮಾನಸಿಕ ಯಾತನೆಗೆ ಪರಿಹಾರ, ವ್ಯಾಜ್ಯದ ಖರ್ಚು ಇವಷ್ಟಕ್ಕೇ ನಿಲ್ಲಬೇಡಿ. ಅನುಚಿತ ಪದ್ಧತಿ ನಿಲ್ಲಿಸಲು ಆದೇಶ ಕೇಳಿ. ಸುಲಭವಾಗಿ ಗುರುತಿಸಲಾಗದ ಬಹಳಷ್ಟು ಗ್ರಾಹಕರಿಗೆ ನಷ್ಟವಾಗಿದ್ದರೆ, ಮಾರಿದ ಸರಕು ಅಥವಾ ಕೊಟ್ಟ ಸೇವೆಯ ಮೌಲ್ಯದ ಕನಿಷ್ಠ ಶೇ 25ರಷ್ಟನ್ನು ಕಂಪನಿಯಿಂದ ಕಟ್ಟಿಸುವ ಅಧಿಕಾರ ಕಲಂ 39ರಲ್ಲಿ ಇದೆ. ಹಳೆಯ ಕಾಯ್ದೆಯಲ್ಲಿ ಇದು ಶೇ 5 ಮಾತ್ರ ಇತ್ತು. ಕೇಳದಿದ್ದರೆ ತಾನಾಗಿ ಸಿಗುವುದು ಅಪರೂಪ. ಕಂಪನಿ ಆಸ್ತಿ ಮಾರಿ ಹೊರಡುವ ಸೂಚನೆಯಿದ್ದರೆ ಮಧ್ಯಂತರ ಆದೇಶಕ್ಕೂ ಅರ್ಜಿ ಹಾಕಿ.

ದಾಖಲಿಸುವುದು ಆನ್‌ಲೈನಿನಲ್ಲೇ ಆಗುತ್ತದೆ. ಮೊದಲು ಇ-ದಾಖಿಲ್ ಇತ್ತು, 2025ರ ಜನವರಿ 1ರಿಂದ ಇ-ಜಾಗೃತಿ ಪೋರ್ಟಲ್ ಬಂದಿದೆ. ಪಿಡಿಎಫ್‌ಗಳಿಗೆ ಪುಟಸಂಖ್ಯೆ, ಪರಿವಿಡಿ ಇರಲಿ. ಅವು ಇಲ್ಲದಿದ್ದರೆ ಆಕ್ಷೇಪಣೆ ಹಾಕಿ ವಾಪಸು ಕಳಿಸಲು ಅಷ್ಟೇ ಸಾಕು.

ಅನುಮತಿ ಮತ್ತು ಸಾರ್ವಜನಿಕ ಪ್ರಕಟಣೆ

ಜಂಟಿ ದೂರುದಾರರು ಈ ಭಾಗ ದಾಟಿಹೋಗಬಹುದು. ವರ್ಗ ದೂರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 8 ಅನ್ವಯಿಸುತ್ತದೆ. ದೂರಿನ ಜತೆಗೇ ಅನುಮತಿ ಕೋರಿ ಪ್ರತ್ಯೇಕ ಅರ್ಜಿ, ಅಫಿಡವಿಟ್ ಹಾಕಬೇಕು. ಅನುಮತಿ ಸಿಕ್ಕ ಮೇಲೆ ವರ್ಗದ ಎಲ್ಲರಿಗೂ ತಿಳಿವಳಿಕೆ ಹೋಗಬೇಕು. ಒಬ್ಬೊಬ್ಬರಿಗೂ ಕಳಿಸಲು ಆಗದಿದ್ದರೆ ಆಯೋಗ ಹೇಳಿದ ಪತ್ರಿಕೆಗಳಲ್ಲಿ ಪ್ರಕಟಣೆ. ಇದರ ಖರ್ಚು ದೂರುದಾರರದೇ, ಗುಂಪಿನ ಬಜೆಟ್‌ನಲ್ಲಿ ವಕೀಲರ ಶುಲ್ಕದ ನಂತರ ದೊಡ್ಡ ಬಾಬ್ತು ಇದೇ ಆಗಬಹುದು.

ಪ್ರಕಟಣೆ ನೋಡಿ ಯಾರು ಬೇಕಾದರೂ ತಮ್ಮನ್ನೂ ಕಕ್ಷಿದಾರರಾಗಿ ಸೇರಿಸಿಕೊಳ್ಳಿ ಎಂದು ಬರಬಹುದು. ನೀವು ಸರಿಯಾಗಿ ನಡೆಸುತ್ತಿಲ್ಲ ಎಂದು ಕಂಡರೆ ಆಯೋಗ ನಿಮ್ಮ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಬಹುದು. ವರ್ಗಕ್ಕೆ ತಿಳಿಸದೆ ದೂರು ಹಿಂಪಡೆಯುವಂತಿಲ್ಲ, ರಾಜಿಯಾಗುವಂತಿಲ್ಲ. ಕೊನೆಯ ಆದೇಶ, ಗೆದ್ದರೂ ಸೋತರೂ, ಎಲ್ಲರನ್ನೂ ಕಟ್ಟಿಹಾಕುತ್ತದೆ. ಮುಂದಾಳತ್ವ ವಹಿಸುವವರು ಇದನ್ನು ಓದಿ ಅರಗಿಸಿಕೊಂಡ ಮೇಲೆ ಸಹಿ ಹಾಕಲಿ.

ವಿಚಾರಣೆ

ದೂರು ಅಂಗೀಕಾರವಾಗಿ ನೋಟಿಸ್ ತಲುಪಿದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಹೆಚ್ಚೆಂದರೆ ಇನ್ನೂ 15. 45 ದಿನ ದಾಟಿದರೆ ಆಯೋಗವೂ ಸಮಯ ವಿಸ್ತರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ನೋಟಿಸ್ ತಲುಪಿದ ದಿನಾಂಕದ ಅಂಚೆ ಪುರಾವೆಯನ್ನು ಭದ್ರವಾಗಿಡಿ. ಕಾಯ್ದೆಯ ಪ್ರಕಾರ ಎಲ್ಲ 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಮುಗಿಯಬೇಕು. ಹಾಗೆ ಮುಗಿಯುವುದಿಲ್ಲ. ವರ್ಷಗಳೇ ಹಿಡಿಯಬಹುದು ಎಂದು ಗುಂಪಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಆರನೇ ತಿಂಗಳಿಗೆ ಸಮಿತಿಯ ಮೇಲೆಯೇ ಅನುಮಾನ ಶುರುವಾಗುತ್ತದೆ. ಪ್ರತಿ ವಾಯಿದೆಯ ನಂತರ ಎರಡು ಸಾಲಿನ ವರದಿ ಗುಂಪಿಗೆ ಹಾಕುವ ಅಭ್ಯಾಸ ಈ ಕಾಯಿಲೆಗೆ ಮದ್ದು. ವಿಡಿಯೊ ಮೂಲಕ ಹಾಜರಾಗಲು ಕೋರುವ ಅವಕಾಶವೂ ಇದೆ.

ನಡುವೆ ಆಯೋಗ ಮಧ್ಯಸ್ಥಿಕೆಗೆ (ರಾಜಿ ಸಂಧಾನ, ಮೀಡಿಯೇಷನ್) ಕಳಿಸಬಹುದು, ಇಬ್ಬರೂ ಒಪ್ಪಿದರೆ ಮಾತ್ರ. ಹೋಗುವುದರಲ್ಲಿ ನಷ್ಟವಿಲ್ಲ. ಆದರೆ ಕಂತುಗಳಲ್ಲಿ ಹಣ ಕೊಡುವ ರಾಜಿಗೆ ಒಪ್ಪುವುದಾದರೆ ಒಂದು ಕಂತು ತಪ್ಪಿದರೂ ಇಡೀ ಮೊತ್ತ ಬಡ್ಡಿಸಮೇತ ತಕ್ಷಣ ಬಾಕಿಯಾಗುವ ಷರತ್ತು ಇರಲೇಬೇಕು. ರಾಜಿಯನ್ನು ಆಯೋಗದ ಆದೇಶದಲ್ಲಿ ದಾಖಲಿಸಿ; ಛಾಪಾ ಕಾಗದದಲ್ಲಿ ಬರೆದುಕೊಂಡು ದೂರು ಹಿಂಪಡೆದರೆ ಮತ್ತೆ ಮೊದಲಿಂದ ಅಲೆಯಬೇಕಾಗುತ್ತದೆ.

ಆದೇಶ ಕೈಗೆ ಬಂದ ಮೇಲೆ

ಜಿಲ್ಲಾ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ 45 ದಿನದಲ್ಲಿ, ರಾಜ್ಯ ಆಯೋಗದಿಂದ ರಾಷ್ಟ್ರೀಯ ಆಯೋಗಕ್ಕೆ 30 ದಿನದಲ್ಲಿ, ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ 30 ದಿನದಲ್ಲಿ ಮೇಲ್ಮನವಿ ಹಾಕಬಹುದು. ಹಣ ಕೊಡಬೇಕೆಂದು ಆದೇಶವಾದ ಕಂಪನಿ ಮೇಲ್ಮನವಿಗೆ ಮೊದಲು ಅದರ ಶೇ 50ರಷ್ಟನ್ನು ಠೇವಣಿ ಇಡಲೇಬೇಕು.

ಗಡುವು ಮುಗಿದರೂ ಹಣ ಬರದಿದ್ದರೆ ಕಾಯುತ್ತ ಕೂರಬೇಡಿ. ಕಲಂ 71ರ ಅಡಿ ಜಾರಿ ಅರ್ಜಿ ಹಾಕಿ. ಸಿವಿಲ್ ಕೋರ್ಟಿನ ಡಿಕ್ರಿಯಂತೆ ಬ್ಯಾಂಕ್ ಖಾತೆ, ಆಸ್ತಿ ಜಪ್ತಿ ಮಾಡಿಸಬಹುದು. ಕಲಂ 72ರಡಿ ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಂಪನಿಯ ನಿರ್ದೇಶಕರಿಗೆ ಖುದ್ದು ಹಾಜರಾಗಲು ಸಮನ್ಸ್ ಹೋದ ವಾರ ಚೆಕ್ ಬರುವುದನ್ನು ಈ ಕಟ್ಟೆಯಲ್ಲಿ ಓಡಾಡುವವರೆಲ್ಲ ಕಂಡಿದ್ದಾರೆ. ಜಾರಿ ಅರ್ಜಿಯ ಜತೆ ಪ್ರತಿಯೊಬ್ಬರ ಬ್ಯಾಂಕ್ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಬರಬೇಕಾದ ಮೊತ್ತದ ಪಟ್ಟಿ ಕೊಟ್ಟು, ಹಣ ಸಮಿತಿಯ ಕೈಗೆ ಬಾರದೆ ನೇರವಾಗಿ ಆಯಾ ಖಾತೆಗೇ ಹೋಗುವಂತೆ ಕೋರಿಕೊಳ್ಳಿ.